ಐಸ್ ಹಾಕಿಗೆ ಹೊಸ ಪ್ರೇಕ್ಷಕರು ಬರಬೇಕಾದರೆ

ಪ್ರಶ್ನೆ: ನಾವು ಮೂಲತಃ ಕೊಡಗಿನವರು, ಈಗ ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ಲೇನೋದಲ್ಲಿ ನೆಲೆಸಿದ್ದೇವೆ. ಹಾಕಿ ನೋಡುತ್ತಲೇ ಬೆಳೆದವರು. ಕಳೆದ ಚಳಿಗಾಲದಲ್ಲಿ ನೆರೆಮನೆಯವರ ಜೊತೆ ಡಲ್ಲಾಸ್ ಸ್ಟಾರ್ಸ್ ತಂಡದ ಐಸ್ ಹಾಕಿ ಪಂದ್ಯಕ್ಕೆ ಹೋಗಿ ಬೆರಗಾದೆವು. ಅದೇ ಆಟವನ್ನು ಮನೆಯಲ್ಲಿ ಟಿವಿ ಮುಂದೆ ಕುಳಿತು ನೋಡಿದರೆ ಪಕ್, ಅಂದರೆ ಚೆಂಡಿನ ಬದಲು ಬಳಸುವ ಬಿಲ್ಲೆ, ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಕಚೇರಿಯಲ್ಲಿಯೂ ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಈ ಆಟದ ಮಾತೇ ಇಲ್ಲ. ಇಷ್ಟು ಸೊಗಸಾದ ಆಟಕ್ಕೆ ಅಭಿಮಾನಿಗಳು ಏಕೆ ಕಡಿಮೆ? ಹೆಚ್ಚಿಸಿಕೊಳ್ಳಲು ಲೀಗ್ ಏನು ಮಾಡಬೇಕು? ಎಂಟು ವರ್ಷದ ಮಗಳು ತಾನೂ ಆಡುತ್ತೇನೆ ಎನ್ನುತ್ತಿದ್ದಾಳೆ. ನಮ್ಮಂಥವರಿಗೆ ಅಲ್ಲಿ ಜಾಗವಿದೆಯೇ?

ಉತ್ತರ: ಕ್ರೀಡಾಂಗಣದಲ್ಲಿ ಬೆರಗು, ಟಿವಿಯಲ್ಲಿ ಗೊಂದಲ. ಐಸ್ ಹಾಕಿಯನ್ನು ಹೊಸದಾಗಿ ನೋಡಿದ ಬಹುತೇಕ ಎಲ್ಲರ ಅನುಭವವೂ ಇದೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಟದಲ್ಲಿ ಕೊರತೆಯೇನೂ ಇಲ್ಲ, ಜನ ಆಟವನ್ನು ತಲುಪುವ ದಾರಿಯಲ್ಲಿ ಇದೆ. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, 1917ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಸಂಸ್ಥೆ. ಈಗ ಅದರಲ್ಲಿ 32 ತಂಡಗಳಿವೆ. ಈ ಉದ್ದದ ಚರಿತ್ರೆಯಲ್ಲಿ ಎಲ್ಲೆಲ್ಲಿ ಅಭಿಮಾನಿಗಳು ಒಮ್ಮೆಲೇ ಹೆಚ್ಚಿದರೋ ಅಲ್ಲೆಲ್ಲ ಯಾರೋ ಒಬ್ಬರು ಮುಚ್ಚಿದ್ದ ಬಾಗಿಲೊಂದನ್ನು ತೆರೆದಿದ್ದಾರೆ. ಆಟವನ್ನು ತಿದ್ದಿ ಜನರನ್ನು ಕರೆತರುವ ಪ್ರಯತ್ನಗಳು ಅಷ್ಟಾಗಿ ಫಲ ಕೊಟ್ಟಿಲ್ಲ.

ಇದಕ್ಕೆ ಶಿಕಾಗೋಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಬ್ಲ್ಯಾಕ್‌ಹಾಕ್ಸ್ ಲೀಗಿನ ಅತ್ಯಂತ ಹಳೆಯ ತಂಡಗಳಲ್ಲಿ ಒಂದು. ಅದರ ಮಾಲೀಕ ಬಿಲ್ ವಿರ್ಟ್ಸ್, ತವರಿನ ಪಂದ್ಯಗಳನ್ನು ಸ್ಥಳೀಯ ಟಿವಿಯಲ್ಲಿ ತೋರಿಸಲು ದಶಕಗಳ ಕಾಲ ಒಪ್ಪಲಿಲ್ಲ. ಮನೆಯಲ್ಲಿ ಪುಕ್ಕಟೆಯಾಗಿ ತೋರಿಸಿದರೆ ಹಣ ಕೊಟ್ಟು ಸೀಸನ್ ಟಿಕೆಟ್ ಕೊಂಡವರಿಗೆ ಅನ್ಯಾಯವಾಗುತ್ತದೆ ಎಂಬುದು ಅವರ ವಾದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ನಗರದಲ್ಲಿ ಒಂದು ತಲೆಮಾರಿನ ಮಕ್ಕಳು ತಮ್ಮೂರಿನ ತಂಡ ತಮ್ಮೂರಿನಲ್ಲೇ ಆಡುವುದನ್ನು ನೋಡದೆ ಬೆಳೆದರು. ನೋಡದ ತಂಡದ ಟಿಕೆಟ್ ಯಾರು ಕೊಳ್ಳುತ್ತಾರೆ? 2006-07ರ ಋತುವಿನಲ್ಲಿ ಪ್ರತಿ ಪಂದ್ಯಕ್ಕೆ ಸರಾಸರಿ ಸುಮಾರು 12,700 ಜನ ಬಂದರು. ಭಾರೀ ಗಾತ್ರದ ಯುನೈಟೆಡ್ ಸೆಂಟರ್‌ನಲ್ಲಿ ಅಷ್ಟು ಜನ ಕುಳಿತರೆ ಖಾಲಿ ಕುರ್ಚಿಗಳೇ ಎದ್ದು ಕಾಣುತ್ತವೆ.

2007ರ ಸೆಪ್ಟೆಂಬರಿನಲ್ಲಿ ಬಿಲ್ ವಿರ್ಟ್ಸ್ ತೀರಿಕೊಂಡರು. ಮಗ ರಾಕಿ ವಿರ್ಟ್ಸ್ ಅಧಿಕಾರ ವಹಿಸಿಕೊಂಡು ಕೆಲವೇ ವಾರಗಳಲ್ಲಿ ತವರಿನ ಪಂದ್ಯಗಳನ್ನು ಟಿವಿಗೆ ತಂದರು. ಬೇಸ್‌ಬಾಲ್ ತಂಡ ಶಿಕಾಗೋ ಕಬ್ಸ್‌ನಲ್ಲಿ ಪಳಗಿದ ಜಾನ್ ಮೆಕ್‌ಡೊನೊ ಅವರನ್ನು ಆಡಳಿತಕ್ಕೆ ಕರೆತಂದರು. ಹಿಂದಿನ ಆಡಳಿತದೊಂದಿಗೆ ಮುನಿಸಿಕೊಂಡು ದೂರವಾಗಿದ್ದ ಬಾಬಿ ಹಲ್, ಸ್ಟ್ಯಾನ್ ಮಿಕಿಟಾರಂಥ ಹಿರಿಯ ಆಟಗಾರರನ್ನು ಗೌರವದಿಂದ ಮತ್ತೆ ಅಂಗಳಕ್ಕೆ ಬರಮಾಡಿಕೊಂಡರು. ಅದೇ ಸಮಯಕ್ಕೆ ಜೊನಾಥನ್ ಟೇವ್ಸ್, ಪ್ಯಾಟ್ರಿಕ್ ಕೇನ್ ಎಂಬ ಇಬ್ಬರು ಅಪ್ಪಟ ಪ್ರತಿಭೆಯ ಹುಡುಗರು ತಂಡ ಸೇರಿದ್ದರು ಎಂಬುದನ್ನೂ ಹೇಳಲೇಬೇಕು. ಟಿವಿಯೊಂದರಿಂದಲೇ ಎಲ್ಲವೂ ಆಗಲಿಲ್ಲ. ಆದರೂ 2008-09ರ ಹೊತ್ತಿಗೆ ಸರಾಸರಿ ಪ್ರೇಕ್ಷಕರ ಸಂಖ್ಯೆ 22,000 ದಾಟಿತು, ಅದು ಇಡೀ ಲೀಗಿನಲ್ಲೇ ಅತಿ ಹೆಚ್ಚು. 2010ರಲ್ಲಿ ತಂಡ 49 ವರ್ಷಗಳ ಬಳಿಕ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಗಮನಿಸಿ, ಕ್ರೀಡಾಂಗಣ ತುಂಬಿದ್ದು ಕಪ್ ಬರುವುದಕ್ಕೆ ಮೊದಲೇ.

ಈ ಪಾಠವನ್ನು ಲೀಗ್ ಪೂರ್ತಿಯಾಗಿ ಕಲಿತಿದೆಯೇ ಎಂದರೆ, ಇಲ್ಲ. ಅಮೆರಿಕದಲ್ಲಿ ಬಹುತೇಕ ತಂಡಗಳ ಪಂದ್ಯಗಳು ವರ್ಷಗಟ್ಟಲೆ ದುಬಾರಿ ಕೇಬಲ್ ವಾಹಿನಿಗಳಲ್ಲಿ ಸಿಕ್ಕಿಕೊಂಡಿದ್ದವು. ಲೀಗಿನ ಆನ್‌ಲೈನ್ ಸೇವೆಗೆ ಹಣ ಕಟ್ಟಿದವರಿಗೂ ತಮ್ಮದೇ ಊರಿನ ತಂಡದ ಪಂದ್ಯ ಕಾಣುತ್ತಿರಲಿಲ್ಲ, ಏಕೆಂದರೆ ಆ ಹಕ್ಕು ಕೇಬಲ್ ಕಂಪನಿಯದು. ದೂರದ ಊರಿನವರು ನೋಡಬಹುದು, ಕ್ರೀಡಾಂಗಣದ ಪಕ್ಕದ ಬೀದಿಯವರು ನೋಡುವಂತಿಲ್ಲ! ಕೇಬಲ್ ಉದ್ಯಮ ಕುಸಿಯತೊಡಗಿದ ಮೇಲೆ ಕೆಲವು ತಂಡಗಳು ಎಚ್ಚೆತ್ತುಕೊಂಡವು. ಲಾಸ್ ವೇಗಸ್ ತಂಡ 2023ರಲ್ಲಿ ತನ್ನ ಪಂದ್ಯಗಳನ್ನು ಆಂಟೆನಾ ಇದ್ದವರೆಲ್ಲ ನೋಡಬಹುದಾದ ಉಚಿತ ವಾಹಿನಿಗೆ ಒಯ್ದಿತು. ನಿಮ್ಮ ಡಲ್ಲಾಸ್ ಸ್ಟಾರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2024ರಿಂದ ‘ವಿಕ್ಟರಿ ಪ್ಲಸ್’ ಎಂಬ ಆ್ಯಪ್‌ನಲ್ಲಿ ಸ್ಥಳೀಯ ಪಂದ್ಯಗಳನ್ನು ಜಾಹೀರಾತುಗಳ ಜೊತೆ ಉಚಿತವಾಗಿ ತೋರಿಸತೊಡಗಿತು. ಇದು ಧೈರ್ಯದ ನಿರ್ಧಾರ. ಹೊಸ ಅಭಿಮಾನಿ ಮೊದಲು ಕುತೂಹಲದಿಂದ ಇಣುಕುತ್ತಾನೆ, ಪ್ರೀತಿ ಆಮೇಲೆ ಹುಟ್ಟುತ್ತದೆ. ಇಣುಕುವುದಕ್ಕೇ ಶುಲ್ಕ ಕೇಳಿದರೆ ಆತ ಬೇರೆ ಆಟದ ಕಡೆ ಹೊರಳುತ್ತಾನೆ. 32 ತಂಡಗಳೂ ಇದೇ ದಾರಿ ಹಿಡಿಯಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಇನ್ನು ಪಕ್ ಕಾಣದ ಸಮಸ್ಯೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ ಅದು. 200 ಅಡಿ ಉದ್ದದ ಮಂಜಿನ ಅಂಗಳದಲ್ಲಿ ಗಂಟೆಗೆ ನೂರು ಮೈಲಿಯವರೆಗೂ ಚಿಮ್ಮುತ್ತದೆ. 1996ರಲ್ಲಿ ಫಾಕ್ಸ್ ವಾಹಿನಿ ಇದಕ್ಕೆ ಪರಿಹಾರವೆಂದು ಪಕ್ಕಿನೊಳಗೆ ಎಲೆಕ್ಟ್ರಾನಿಕ್ ಸಾಧನ ಇಟ್ಟು, ಪರದೆಯ ಮೇಲೆ ಅದರ ಸುತ್ತ ನೀಲಿ ಹೊಳಪು ಮೂಡಿಸಿತು. ಜೋರಾಗಿ ಹೊಡೆದಾಗ ಹಿಂದೆ ಕೆಂಪು ಬಾಲ. ಹಳೆಯ ಅಭಿಮಾನಿಗಳಿಗೆ ಅದು ಮಕ್ಕಳ ವಿಡಿಯೊ ಗೇಮಿನಂತೆ ಕಂಡು ರೇಗಿತು, ಹೊಸಬರೂ ಹಿಂಡುಗಟ್ಟಿ ಬರಲಿಲ್ಲ. 1998ರ ಹೊತ್ತಿಗೆ ಅದು ಮರೆಯಾಯಿತು. ಪಕ್ ಎಲ್ಲಿದೆ ಎಂಬುದನ್ನು ಅದು ತೋರಿಸಿತು, ಅಲ್ಲಿಗೆ ಏಕೆ ಹೋಯಿತು ಎಂಬುದನ್ನು ಹೇಳಲಿಲ್ಲ. ಹೊಸ ನೋಡುಗನಿಗೆ ಬೇಕಾದದ್ದು ಎರಡನೆಯದೇ.

ಕ್ರೀಡಾಂಗಣದಲ್ಲಿ ನಿಮಗೆ ಆಟ ಅರ್ಥವಾಗಿದ್ದು ಐದೂ ಐದು ಹತ್ತು ಆಟಗಾರರು ಹಾಗೂ ಇಬ್ಬರು ಗೋಲ್‌ಕೀಪರ್‌ಗಳು ಒಂದೇ ನೋಟಕ್ಕೆ ಸಿಕ್ಕಿದ್ದರಿಂದ. ಟಿವಿಯಲ್ಲಿ ಕ್ಯಾಮೆರಾ ಪಕ್ಕಿನ ಬೆನ್ನು ಹತ್ತಿ ಓಡುತ್ತದೆ, ಖಾಲಿ ಜಾಗಕ್ಕೆ ನುಗ್ಗುತ್ತಿರುವ ಆಟಗಾರ ಚೌಕಟ್ಟಿನ ಹೊರಗೇ ಉಳಿಯುತ್ತಾನೆ. ನೀವು ಫೀಲ್ಡ್ ಹಾಕಿ ಬಲ್ಲವರಾದ್ದರಿಂದ ಒಂದು ಸಲಹೆ: ಪಕ್ಕನ್ನು ಹುಡುಕಬೇಡಿ. ಆಟಗಾರರ ಭುಜ ಯಾವ ಕಡೆ ತಿರುಗಿದೆ, ಗೋಲ್‌ಕೀಪರ್ ಎತ್ತ ಸರಿಯುತ್ತಿದ್ದಾನೆ ಎಂಬುದನ್ನು ನೋಡಿ. ಕೆಲವೇ ಪಂದ್ಯಗಳಲ್ಲಿ ಕಣ್ಣು ಪಳಗುತ್ತದೆ. ಪ್ರಸಾರಕರು ಮಾಡಬೇಕಾದದ್ದೂ ಇದೆ. ಎತ್ತರದಿಂದ ಇಡೀ ಅಂಗಳ ಕಾಣುವ ಮರುಪ್ರದರ್ಶನ ಹೆಚ್ಚು ಬೇಕು. ಆಫ್‌ಸೈಡ್ ಎಂದರೇನು, ಎದುರಾಳಿಯ ಆಟಗಾರನೊಬ್ಬ ಶಿಕ್ಷೆಯಾಗಿ ಹೊರಗೆ ಕುಳಿತಿರುವ ಪವರ್ ಪ್ಲೇಯಲ್ಲಿ ತಂಡ ಏಕೆ ಹೀಗೆ ನಿಲ್ಲುತ್ತದೆ ಎಂದು ವಿವರಿಸುವ ಪ್ರತ್ಯೇಕ ಪ್ರಸಾರವೊಂದು ಬೇಕು. 2021ರಿಂದ ಲೀಗಿನ ಬಳಿ ಪಕ್ ಮತ್ತು ಆಟಗಾರರ ಚಲನೆಯನ್ನು ಕ್ಷಣಕ್ಷಣವೂ ಅಳೆಯುವ ವ್ಯವಸ್ಥೆ ಇದೆ. ಪರದೆಯ ಮೇಲೆ ಬರೀ ವೇಗದ ಅಂಕಿ ತೋರಿಸಿ ಸುಮ್ಮನಾಗುವ ಬದಲು ಅದನ್ನು ಆಟ ಕಲಿಸುವುದಕ್ಕೆ ಬಳಸಬೇಕು.

ನಿಯಮಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2005ರಲ್ಲಿ ಎರಡು ಗೆರೆ ದಾಟುವ ಉದ್ದನೆಯ ಪಾಸ್‌ಗೆ ಅನುಮತಿ ಕೊಟ್ಟು, ಹಿಡಿದೆಳೆಯುವ ರಕ್ಷಣಾ ಆಟಕ್ಕೆ ಕಡಿವಾಣ ಹಾಕಿದ ಮೇಲೆ ವೇಗ ಹೆಚ್ಚಿತು. 2015ರಿಂದ ಓವರ್‌ಟೈಮ್‌ನಲ್ಲಿ ಮೂವರ ಎದುರು ಮೂವರು ಆಡುತ್ತಾರೆ, ಅದು ನೋಡಲು ಹಬ್ಬ. ಗೋಲ್ ಪೆಟ್ಟಿಗೆ ದೊಡ್ಡದು ಮಾಡಿ ಎನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಪಂದ್ಯಗಳ ಸಂಖ್ಯೆ ಮಾತ್ರ ಕಡಿಮೆಯಾಗಬೇಕಿತ್ತು. ಪ್ರತಿ ತಂಡಕ್ಕೂ 82 ಲೀಗ್ ಪಂದ್ಯಗಳೆಂದರೆ ಫೆಬ್ರುವರಿಯ ಮಂಗಳವಾರದ ಪಂದ್ಯವೊಂದಕ್ಕೆ ಏನು ಬೆಲೆ? ಲೀಗ್ ಅದನ್ನು ಇಳಿಸುವ ಬದಲು 84ಕ್ಕೆ ಏರಿಸಲು ಒಪ್ಪಂದ ಮಾಡಿಕೊಂಡಿದೆ. ಇದು ತಪ್ಪು ದಿಕ್ಕು.

ಕಾದಾಟದ ಬಗ್ಗೆ ನೀವು ಕೇಳದಿದ್ದರೂ ಹೇಳಬೇಕು. ಎನ್‌ಎಚ್‌ಎಲ್‌ನಲ್ಲಿ ಮುಷ್ಟಿಯುದ್ಧಕ್ಕೆ ಐದು ನಿಮಿಷ ಹೊರಗೆ ಕೂರಿಸುತ್ತಾರೆ, ಅಷ್ಟೆ. 2025ರ ಫೆಬ್ರುವರಿಯಲ್ಲಿ ನಾಲ್ಕು ದೇಶಗಳ ಟೂರ್ನಿಯಲ್ಲಿ ಕೆನಡಾ ಮತ್ತು ಅಮೆರಿಕ ಮಾಂಟ್ರಿಯಲ್‌ನಲ್ಲಿ ಎದುರಾದಾಗ ಮೊದಲ ಒಂಬತ್ತು ಸೆಕೆಂಡುಗಳಲ್ಲಿ ಮೂರು ಕಾದಾಟ ನಡೆದವು. ಆ ತುಣುಕು ಜಗತ್ತಿನಾದ್ಯಂತ ಹರಿದಾಡಿತು. ಇದನ್ನೇ ಮುಂದಿಟ್ಟುಕೊಂಡು ಕಾದಾಟವೇ ಪ್ರೇಕ್ಷಕರನ್ನು ತರುತ್ತದೆ ಎಂದು ವಾದಿಸುವವರಿದ್ದಾರೆ. ಆದರೆ ಐದು ದಿನಗಳ ಬಳಿಕ ಬಾಸ್ಟನ್‌ನಲ್ಲಿ ಅದೇ ಎರಡು ತಂಡಗಳ ಫೈನಲ್ ನಡೆದಾಗ ಅಮೆರಿಕದಲ್ಲೇ 90 ಲಕ್ಷಕ್ಕೂ ಹೆಚ್ಚು ಜನ ಟಿವಿ ಮುಂದೆ ಕುಳಿತಿದ್ದರು. ಅವರಿಗೆ ಸಿಕ್ಕಿದ್ದು ಓವರ್‌ಟೈಮ್‌ವರೆಗೆ ಉಸಿರು ಬಿಗಿಹಿಡಿಸಿದ ಶುದ್ಧ ಆಟ. ಕಾನರ್ ಮೆಕ್‌ಡೇವಿಡ್ ಗೋಲಿನಿಂದ ಕೆನಡಾ 3-2ರಿಂದ ಗೆದ್ದಿತು. ದೇಶದ ಅಂಗಿ ತೊಟ್ಟು ಅತ್ಯುತ್ತಮರು ಅತ್ಯುತ್ತಮರ ಎದುರು ಆಡುವ ಇಂಥ ಪಂದ್ಯವನ್ನು ಲೀಗ್ ವರ್ಷಗಳ ಕಾಲ ತಾನಾಗಿಯೇ ತಪ್ಪಿಸಿತ್ತು. 2014ರ ಸೋಚಿಯ ನಂತರ ಎರಡು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಎನ್‌ಎಚ್‌ಎಲ್ ಆಟಗಾರರು ಇರಲಿಲ್ಲ. 2026ಕ್ಕೆ ಮತ್ತೆ ಒಪ್ಪಿದ್ದು, ಜನರನ್ನು ಸೆಳೆಯುವ ದೃಷ್ಟಿಯಿಂದ ಲೀಗ್ ಇತ್ತೀಚೆಗೆ ಮಾಡಿದ ಅತ್ಯಂತ ಸರಿಯಾದ ಕೆಲಸ. ತಲೆಗೆ ಪೆಟ್ಟಾಗುವ ಆಟಕ್ಕೆ ಮಗುವನ್ನು ಸೇರಿಸುವುದೇ ಎಂದು ಯೋಚಿಸುವ ತಾಯಿ ತಂದೆಯರ ಕಳವಳ ನಿಜವಾದದ್ದು. ಅದನ್ನು ಕಾದಾಟದ ತುಣುಕುಗಳು ಇನ್ನಷ್ಟು ಹೆಚ್ಚಿಸುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ತಂಡ ಊರಿನದಾಗುವುದು. ಇದನ್ನು ಕೊಡಗಿನವರಿಗೆ ನಾನು ವಿವರಿಸಬೇಕಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ 60 ತಂಡಗಳಿಂದ ಶುರುವಾಗಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಸೇರಿದ ದಾಖಲೆಯ ಹಬ್ಬವಾಗಿ ಬೆಳೆಯಿತು. ಅಲ್ಲಿಗೆ ಜನ ಬರುವುದಕ್ಕೆ ಜಾಹೀರಾತು ಬೇಕಾಗಲಿಲ್ಲ, ಏಕೆಂದರೆ ಅಂಗಳದಲ್ಲಿ ಆಡುತ್ತಿರುವವರು ಅವರ ಮನೆಯವರೇ. ವೃತ್ತಿಪರ ತಂಡಕ್ಕೆ ಆಟಗಾರರು ಹೊರಗಿನಿಂದ ಬರುತ್ತಾರೆ, ಮಾಲೀಕರು ಎಲ್ಲಿಯವರೋ. ಹಾಗಾಗಿ ಈ ನಂಟನ್ನು ಅವರು ಕಷ್ಟಪಟ್ಟು ಕಟ್ಟಿಕೊಳ್ಳಬೇಕು.

ಲಾಸ್ ವೇಗಸ್ ಅದನ್ನು ಕಟ್ಟಿದ ರೀತಿ ಅಪರೂಪದ್ದು. ಮರುಭೂಮಿಯ ಜೂಜಿನ ನಗರ, ಪ್ರವಾಸಿಗಳ ಊರು, ಅಲ್ಲಿ ಐಸ್ ಹಾಕಿಯನ್ನು ಯಾರು ನೋಡುತ್ತಾರೆ ಎಂದು ಬಹಳ ಜನ ಕೇಳಿದ್ದರು. 2017ರ ಅಕ್ಟೋಬರ್ 1ರಂದು, ಹೊಸ ತಂಡದ ಮೊದಲ ಪಂದ್ಯಕ್ಕೆ ಕೆಲವೇ ದಿನ ಇರುವಾಗ, ಆ ಊರಿನ ಸಂಗೀತ ಉತ್ಸವವೊಂದರಲ್ಲಿ ಗುಂಡಿನ ದಾಳಿ ನಡೆದು ಹತ್ತಾರು ಜನ ಸತ್ತರು. ಅಕ್ಟೋಬರ್ 10ರ ತವರಿನ ಮೊದಲ ಪಂದ್ಯದಲ್ಲಿ ತಂಡ ಎಲ್ಲ ಜಾಹೀರಾತು ಫಲಕಗಳನ್ನು ತೆಗೆಸಿತು. ಆಟಗಾರರನ್ನು ಅಂಗಳಕ್ಕೆ ಪರಿಚಯಿಸುವಾಗ ಪ್ರತಿಯೊಬ್ಬರ ಜೊತೆ ಪೊಲೀಸರು, ವೈದ್ಯರು, ಅಗ್ನಿಶಾಮಕ ಸಿಬ್ಬಂದಿ ನಿಂತರು. ಹಲವು ವರ್ಷಗಳಿಂದ ಅದೇ ಊರಿನಲ್ಲಿ ಮನೆ ಮಾಡಿಕೊಂಡಿದ್ದ ಆಟಗಾರ ಡೆರಿಕ್ ಎಂಗೆಲ್ಯಾಂಡ್ ಮೈಕ್ ಹಿಡಿದು ಊರಿನವರನ್ನು ಉದ್ದೇಶಿಸಿ ಮಾತನಾಡಿದರು, ನಂತರ ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಗೋಲನ್ನೂ ಹೊಡೆದರು. ಆ ರಾತ್ರಿ ತಂಡ ಊರಿನದಾಯಿತು. ಮೊದಲ ವರ್ಷವೇ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಿದ್ದು, 2023ರಲ್ಲಿ ಕಪ್ ಗೆದ್ದದ್ದು ಅದಕ್ಕೆ ಬಲ ಕೊಟ್ಟವು. ದುರಂತವನ್ನು ಯಾರೂ ಬಯಸುವುದಿಲ್ಲ. ಆದರೆ ಊರಿನ ನೋವಿನಲ್ಲಿ ನಿಲ್ಲುವ ತಂಡವನ್ನು ಊರು ಮರೆಯುವುದಿಲ್ಲ ಎಂಬುದು ಅಲ್ಲಿ ಕಂಡಿತು. ಟ್ಯಾಂಪಾ ಬೇ ತಂಡ ಇದನ್ನೇ ದಿನನಿತ್ಯದ ಕೆಲಸವಾಗಿ ಮಾಡುತ್ತಿದೆ. 2011ರಿಂದ ತವರಿನ ಪ್ರತಿ ಪಂದ್ಯದಲ್ಲೂ ಊರಿಗಾಗಿ ದುಡಿದ ಒಬ್ಬರನ್ನು ಗೌರವಿಸಿ, ಅವರು ಹೇಳಿದ ಸೇವಾ ಸಂಸ್ಥೆಗೆ 50,000 ಡಾಲರ್ ಕೊಡುತ್ತದೆ.

ಸೆಕೆ ಊರುಗಳಲ್ಲಿ ಈ ಆಟ ನಡೆಯುವುದಿಲ್ಲ ಎನ್ನುವವರಿಗೆ ವೇಗಸ್, ಟ್ಯಾಂಪಾ, 2024 ಮತ್ತು 2025ರಲ್ಲಿ ಸತತ ಕಪ್ ಗೆದ್ದ ಫ್ಲೋರಿಡಾ ಪ್ಯಾಂಥರ್ಸ್ ಸಾಕಷ್ಟು ಉತ್ತರ. ಅಟ್ಲಾಂಟಾ ಎರಡು ತಂಡಗಳನ್ನು ಕಳೆದುಕೊಂಡಿತಲ್ಲ ಎಂದು ಕೇಳಬಹುದು. ಎರಡನೆಯದಾದ ಥ್ರಾಶರ್ಸ್ 1999ರಿಂದ 2011ರವರೆಗೆ ಅಲ್ಲಿತ್ತು. ಅಷ್ಟು ಕಾಲದಲ್ಲಿ ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಗೆಲ್ಲಲಿಲ್ಲ, ಮಾಲೀಕರು ತಮ್ಮತಮ್ಮಲ್ಲೇ ಕೋರ್ಟಿನಲ್ಲಿ ಕಾದಾಡುತ್ತಿದ್ದರು. ಅರಿಝೋನಾದ ಕಯೋಟೀಸ್ ತಂಡದ ಅಭಿಮಾನಿಗಳಲ್ಲಿ ಬಹುಪಾಲು ಜನ ಮಹಾನಗರದ ಪೂರ್ವಕ್ಕೆ, ಕ್ರೀಡಾಂಗಣ ಪಶ್ಚಿಮದ ಅಂಚಿನ ಗ್ಲೆಂಡೇಲ್‌ನಲ್ಲಿ. ಕೆಲಸ ಮುಗಿಸಿ ಸಂಜೆಯ ವಾಹನ ದಟ್ಟಣೆಯಲ್ಲಿ ಅಷ್ಟು ದೂರ ಹೋಗುವವರು ಎಷ್ಟು ಮಂದಿ? ಕೊನೆಗೆ 5,000 ಆಸನಗಳೂ ಇಲ್ಲದ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಆಡಿ, 2024ರಲ್ಲಿ ತಂಡ ಯೂಟಾಗೆ ಹೋಯಿತು. ಆಟದ ಸೋಲು ಎಂದು ಇದನ್ನು ಕರೆಯುವುದು ಅನ್ಯಾಯ. ಟೊರಾಂಟೊದ ತಾರೆ ಆಸ್ಟನ್ ಮ್ಯಾಥ್ಯೂಸ್ ಈ ಆಟವನ್ನು ಹಚ್ಚಿಕೊಂಡದ್ದು ಬಾಲ್ಯದಲ್ಲಿ ಅರಿಝೋನಾದಲ್ಲಿ ಇದೇ ಕಯೋಟೀಸ್ ಪಂದ್ಯಗಳನ್ನು ನೋಡಿ.

ನಿಮ್ಮ ಊರಿನ ಕಥೆ ಇನ್ನೂ ಚೆನ್ನಾಗಿದೆ. ಡಲ್ಲಾಸ್‌ಗೆ ತಂಡ ಬಂದದ್ದು 1993ರಲ್ಲಿ, ಮಿನ್ನೆಸೋಟಾದಿಂದ. ಬಂದ ಮೇಲೆ ಅದು ಕಪ್‌ಗಾಗಿ ಮಾತ್ರ ಹಣ ಸುರಿಯಲಿಲ್ಲ, ಸುತ್ತಲಿನ ಉಪನಗರಗಳಲ್ಲಿ ಸಾರ್ವಜನಿಕರು ಬಳಸುವ, ಮಂಜಿನ ಅಂಗಳವಿರುವ ರಿಂಕ್‌ಗಳನ್ನು ಕಟ್ಟುತ್ತ, ನಡೆಸುತ್ತ ಹೋಯಿತು. ಪ್ಲೇನೋ, ಫ್ರಿಸ್ಕೊ, ಮೆಕಿನ್ನಿ ಎಲ್ಲ ಕಡೆ ಇಂದು ‘ಸ್ಟಾರ್‌ಸೆಂಟರ್’ಗಳಿವೆ. 1991ರಲ್ಲಿ ಪ್ಲೇನೋದಲ್ಲಿ ಹುಟ್ಟಿದ ಬ್ಲೇಕ್ ಕೋಲ್ಮನ್ ಟ್ಯಾಂಪಾ ಬೇ ತಂಡದೊಂದಿಗೆ 2020, 2021ರಲ್ಲಿ ಎರಡು ಸಲ ಕಪ್ ಎತ್ತಿದರು. ಲಾಸ್ ಏಂಜಲೀಸ್‌ನಲ್ಲೂ ಆದದ್ದು ಇದೇ. 1988ರಲ್ಲಿ ಆಟದ ಅತಿ ದೊಡ್ಡ ತಾರೆ ವೇಯ್ನ್ ಗ್ರೆಟ್ಸ್‌ಕಿ ಅಲ್ಲಿಗೆ ಬಂದಾಗ ಸಿನಿಮಾ ತಾರೆಯರು ಟಿಕೆಟ್‌ಗೆ ಮುಗಿಬಿದ್ದರು ಎಂಬುದನ್ನೇ ಎಲ್ಲರೂ ನೆನೆಯುತ್ತಾರೆ. ಉಳಿದದ್ದು ಮಾತ್ರ ಬಿಸಿಲ ನಾಡಿನಲ್ಲಿ ಸ್ಕೇಟ್ ಕಟ್ಟಿದ ಮಕ್ಕಳು, ಮತ್ತು ಆ ಬೇಡಿಕೆಯ ಮೇಲೆ ಸ್ಯಾನ್ ಹೋಸೆ, ಆನಹೈಮ್‌ಗಳಲ್ಲಿ ಹುಟ್ಟಿದ ತಂಡಗಳು.

ಆದರೆ ಹಣದ ವಿಷಯದಲ್ಲಿ ನಾನು ಲೀಗನ್ನು ಸುಲಭವಾಗಿ ಬಿಡಲಾರೆ. ಸ್ಕೇಟ್, ಹೆಲ್ಮೆಟ್, ಪ್ಯಾಡ್, ಸ್ಟಿಕ್, ರಿಂಕಿನ ಬಾಡಿಗೆ, ಹೊರ ಊರಿನ ಪಂದ್ಯಗಳ ಪ್ರಯಾಣ ಇವೆಲ್ಲ ಸೇರಿ ಈ ಆಟ ಮಧ್ಯಮ ವರ್ಗದ ಮನೆಗೂ ಭಾರ. ಬ್ಯಾಸ್ಕೆಟ್‌ಬಾಲ್‌ಗೆ ಒಂದು ಚೆಂಡು ಸಾಕು. ಹೊಸದಾಗಿ ಕಲಿಯುವ ಮಕ್ಕಳಿಗೆ ಕಡಿಮೆ ಶುಲ್ಕದಲ್ಲಿ ಅಡಿಯಿಂದ ಮುಡಿಯವರೆಗೆ ಸಲಕರಣೆಯನ್ನೂ ಕೊಟ್ಟು ಕಲಿಸುವ ಯೋಜನೆಯನ್ನು ಲೀಗ್ ಮತ್ತು ಆಟಗಾರರ ಸಂಘ ಜೊತೆಯಾಗಿ ನಡೆಸುತ್ತಿವೆ, ಅದು ಒಳ್ಳೆಯದು. ಅದರ ನಂತರದ ಮೆಟ್ಟಿಲೇ ದುಬಾರಿ. ಸರ್ಕಾರಿ ಶಾಲೆಗಳ ಅಂಗಳದಲ್ಲಿ ಬೂಟು ಹಾಕಿಕೊಂಡು ಪ್ಲಾಸ್ಟಿಕ್ ಚೆಂಡಿನಲ್ಲಿ ಆಡುವ ಬಾಲ್ ಹಾಕಿಗೆ ಎಲ್ಲ ತಂಡಗಳೂ ಧಾರಾಳವಾಗಿ ಹಣ ಹಾಕಬೇಕು. ಟಿಕೆಟ್ ಬೆಲೆಯೂ ಹಾಗೆಯೇ. ನಾಲ್ವರ ಕುಟುಂಬವೊಂದು ಕಾರು ನಿಲುಗಡೆಯಿಂದ ತಿಂಡಿಯವರೆಗೆ ಲೆಕ್ಕ ಹಾಕಿದ ಮೇಲೂ ಹೋಗಬಹುದಾದ ಒಂದು ವಿಭಾಗ ಪ್ರತಿ ಪಂದ್ಯಕ್ಕೂ ಇರಬೇಕು.

ತಾರೆಯರ ವಿಷಯ ಸ್ವಲ್ಪ ವಿಚಿತ್ರ. ಬ್ಯಾಸ್ಕೆಟ್‌ಬಾಲ್ ತಾರೆ 48 ನಿಮಿಷಗಳಲ್ಲಿ ಬಹುಪಾಲು ಹೊತ್ತು ಅಂಗಳದಲ್ಲಿರುತ್ತಾನೆ, ಮುಖವೂ ಕಾಣುತ್ತದೆ. ಐಸ್ ಹಾಕಿಯ ಫಾರ್ವರ್ಡ್ ಆಟಗಾರ ಸುಮಾರು 45 ಸೆಕೆಂಡು ಆಡಿ ಬೆಂಚಿಗೆ ಮರಳುತ್ತಾನೆ. ಅತಿ ದೊಡ್ಡ ತಾರೆಯೂ 60 ನಿಮಿಷಗಳಲ್ಲಿ 20ರಿಂದ 23 ನಿಮಿಷ ಆಡಿದರೆ ಹೆಚ್ಚು, ಅದೂ ಹೆಲ್ಮೆಟ್ ಧರಿಸಿ. ಇದರ ಮೇಲೆ, ಆಟಗಾರ ತನ್ನ ಬಗ್ಗೆ ಮಾತನಾಡಬಾರದು, ತಂಡವೇ ದೊಡ್ಡದು ಎಂಬ ಹಳೆಯ ಶಿಸ್ತು. ಆ ವಿನಯ ನನಗೆ ಇಷ್ಟವೇ, ಆದರೆ ಹೊಸಬರಿಗೆ ಪರಿಚಯವಾಗುವುದು ಮನುಷ್ಯರ ಮೂಲಕ. 2018-19ರಲ್ಲಿ ಕ್ಯಾರೊಲಿನಾ ಹರಿಕೇನ್ಸ್ ಆಟಗಾರರು ತವರಿನ ಗೆಲುವಿನ ಬಳಿಕ ಅಂಗಳದಲ್ಲೇ ತಮಾಷೆಯ ಪುಟ್ಟ ಪ್ರಹಸನ ಆಡಿ ಪ್ರೇಕ್ಷಕರನ್ನು ನಗಿಸತೊಡಗಿದರು. ಕೆನಡಾದ ಹಿರಿಯ ವಿಶ್ಲೇಷಕ ಡಾನ್ ಚೆರಿ ಅವರನ್ನು ಟಿವಿಯಲ್ಲೇ ಹೀಯಾಳಿಸಿದರು. ತಂಡ ಆ ಬೈಗುಳವನ್ನೇ ಟಿ-ಶರ್ಟ್ ಮೇಲೆ ಅಚ್ಚು ಹಾಕಿಸಿ ಮಾರಿತು, ಜನ ಕೊಂಡು ತೊಟ್ಟರು. ಅಂಥ ಉಲ್ಲಾಸಕ್ಕೆ ಲೀಗ್ ಜಾಗ ಬಿಡಬೇಕು.

ನಂಬಿಕೆ ಮುರಿದರೆ ಇದ್ದವರೂ ಹೋಗುತ್ತಾರೆ. ಮಾಲೀಕರು ಮತ್ತು ಆಟಗಾರರ ವೇತನ ಜಗಳದಿಂದ 2004-05ರ ಇಡೀ ಋತುವೇ ರದ್ದಾಯಿತು. 1994-95 ಮತ್ತು 2012-13ರಲ್ಲಿ ತಲಾ 48 ಪಂದ್ಯಗಳಿಗೆ ಮೊಟಕಾಯಿತು. ಮೇಲೆ ಹೊಗಳಿದ ಶಿಕಾಗೋ ತಂಡದಲ್ಲೇ, 2010ರ ಗೆಲುವಿನ ಹೊತ್ತಿನಲ್ಲಿ ತರಬೇತಿ ಸಿಬ್ಬಂದಿಯೊಬ್ಬ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಎಂದು ಯುವ ಆಟಗಾರನೊಬ್ಬ ಮಾಡಿದ ದೂರನ್ನು ಆಡಳಿತ ಕಡೆಗಣಿಸಿತ್ತು ಎಂಬುದು 2021ರ ತನಿಖೆಯಲ್ಲಿ ಬಯಲಾಯಿತು. ಲೀಗ್ 20 ಲಕ್ಷ ಡಾಲರ್ ದಂಡ ಹಾಕಿತು. ಮಕ್ಕಳನ್ನು ಈ ಆಟಕ್ಕೆ ಕಳುಹಿಸುವ ಹೆತ್ತವರು ಇಂಥದ್ದನ್ನು ಮರೆಯುವುದಿಲ್ಲ, ಮರೆಯಲೂಬಾರದು.

ನಿಮ್ಮ ಕೊನೆಯ ಪ್ರಶ್ನೆ: ನಮ್ಮಂಥವರಿಗೆ ಜಾಗವಿದೆಯೇ? ಇದೆ, ಮತ್ತು ಅದನ್ನು ಮಾಡಿಕೊಟ್ಟವರಲ್ಲಿ ನಮ್ಮ ದೇಶದ ಮೂಲದವರೇ ಇದ್ದಾರೆ. ಭಾರತೀಯ ಮೂಲದ ರಾಬಿನ್ ಬಾವಾ 1989ರಲ್ಲೇ ಎನ್‌ಎಚ್‌ಎಲ್‌ನಲ್ಲಿ ಆಡಿದರು. 2008ರಿಂದ ಕೆನಡಾದಲ್ಲಿ ಪಂದ್ಯಗಳು ಪಂಜಾಬಿ ಭಾಷೆಯಲ್ಲೂ ಪ್ರಸಾರವಾಗುತ್ತಿವೆ. 2016ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನಿನೊ ಗೋಲು ಹೊಡೆದಾಗ ವೀಕ್ಷಕ ವಿವರಣೆಗಾರ ಹರ್ನಾರಾಯಣ್ ಸಿಂಗ್ ಆತನ ಹೆಸರನ್ನು ಮತ್ತೆ ಮತ್ತೆ ಕೂಗಿದ ಪರಿ, ಪಂಜಾಬಿಯ ಒಂದು ಅಕ್ಷರ ತಿಳಿಯದ ಅಮೆರಿಕನ್ನರನ್ನೂ ಕುಣಿಸಿತು. ವಲಸೆ ಬಂದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಜೊತೆ ಕುಳಿತು ಒಂದೇ ಆಟವನ್ನು ಅರ್ಥಮಾಡಿಕೊಂಡು ನೋಡುವಂತಾಗಿದ್ದು ಆ ಪ್ರಸಾರದ ದೊಡ್ಡ ಕೊಡುಗೆ. 2019ರಲ್ಲಿ ಮೂಲನಿವಾಸಿಗಳ ಕ್ರೀ ಭಾಷೆಯಲ್ಲೂ ಪಂದ್ಯ ಪ್ರಸಾರವಾಯಿತು. ಕಬಡ್ಡಿ, ಕ್ರಿಕೆಟ್ ಲೀಗ್‌ಗಳ ಕನ್ನಡ ವೀಕ್ಷಕ ವಿವರಣೆಯನ್ನು ಕೇಳಿದವರಿಗೆ ತಾಯಿನುಡಿಯಲ್ಲಿ ಆಟ ಕೇಳುವ ಸುಖ ಗೊತ್ತೇ ಇದೆ. ಫ್ರಿಸ್ಕೊ, ಪ್ಲೇನೋಗಳಲ್ಲಿ ಇಷ್ಟೊಂದು ಭಾರತೀಯ ಕುಟುಂಬಗಳಿರುವಾಗ ಉಚಿತ ಆ್ಯಪ್‌ನಲ್ಲಿ ಹಿಂದಿ, ತೆಲುಗು, ಕನ್ನಡದ ಧ್ವನಿ ಸೇರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ನಿಮ್ಮ ಊರಿನ ಕನ್ನಡ ಸಂಘದ ಮೂಲಕ ತಂಡಕ್ಕೆ ಪತ್ರ ಬರೆಯಿರಿ. ಗುಂಪಾಗಿ ಟಿಕೆಟ್ ಕೊಳ್ಳುವ ಸಮುದಾಯದ ಮಾತನ್ನು ತಂಡಗಳ ಮಾರಾಟ ವಿಭಾಗ ಗಮನವಿಟ್ಟು ಕೇಳುತ್ತದೆ.

ಮಗಳ ವಿಷಯದಲ್ಲಿ ತಡಮಾಡಬೇಡಿ. ವೃತ್ತಿಪರ ಮಹಿಳಾ ಲೀಗ್ 2024ರ ಜನವರಿ 1ರಂದು ಆರು ತಂಡಗಳೊಂದಿಗೆ ಆರಂಭವಾಯಿತು. ಅದೇ ವರ್ಷದ ಏಪ್ರಿಲ್ 20ರಂದು ಮಾಂಟ್ರಿಯಲ್ ಮತ್ತು ಟೊರಾಂಟೊ ತಂಡಗಳ ಪಂದ್ಯಕ್ಕೆ ಬೆಲ್ ಸೆಂಟರ್‌ನಲ್ಲಿ 21,105 ಜನ ಸೇರಿದರು. ಇಷ್ಟು ವರ್ಷ ಈ ಪ್ರೇಕ್ಷಕರು ಎಲ್ಲಿದ್ದರು ಎಂದರೆ, ಅಲ್ಲೇ ಇದ್ದರು, ಕರೆದವರಿರಲಿಲ್ಲ. ಹತ್ತಿರದ ರಿಂಕಿನಲ್ಲಿ ಹೊಸ ಕಲಿಕೆಯ ತರಗತಿಗೆ ಹೆಸರು ಬರೆಸಿ. ಮೊದಲ ವರ್ಷ ಸಲಕರಣೆ ಹೊಸದಾಗಿ ಕೊಳ್ಳಬೇಡಿ, ಬಳಸಿದ್ದನ್ನು ಮಾರುವ ಅಂಗಡಿಗಳಿವೆ, ಮಕ್ಕಳ ಪಾದ ಬೇಗ ಬೆಳೆಯುತ್ತದೆ. ಮುಂದಿನ ಸಲ ಪಂದ್ಯಕ್ಕೆ ಹೋಗುವಾಗ ಗಾಜಿನ ಪಕ್ಕದ ದುಬಾರಿ ಆಸನದ ಬದಲು ಮೇಲಿನ ಸಾಲಿನಲ್ಲಿ ಕುಳಿತುಕೊಳ್ಳಿ. ಇಡೀ ಅಂಗಳ ಕಾಣುತ್ತದೆ, ಮಗಳಿಗೆ ಆಟಗಾರರು ಜಾಗ ಬದಲಿಸುವುದನ್ನು ಬೆರಳಿಟ್ಟು ತೋರಿಸಬಹುದು.